ಪಿ-ವ್ಯಾಲ್ಯೂ 0.05 ದಾಟಿದ್ರೆ ಪ್ರಾಜೆಕ್ಟ್ ಫೇಲಾ?

ಎಂ.ಕಾಂ., ಎಂಎಸ್‌ಡಬ್ಲ್ಯು ಪ್ರಾಜೆಕ್ಟ್ ಮಾಡ್ತಿರೋರು, ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ಕೂತಿರೋರು ದಿನಾ ಕೇಳೋ ಪ್ರಶ್ನೆ ಒಂದಿದೆ: "ಸಿಗ್ನಿಫಿಕೆಂಟ್ ಬಂತಾ?" ಆ ಪದದ ಒಳಗೆ ಏನಿದೆ ಅಂತ ಇವತ್ತು ನೋಡೋಣ. ಫಾರ್ಮುಲಾ ಬೇಡ, ಎಂಟು ಲೋಟ ಕಾಫಿ ಸಾಕು.

ನಿಮ್ಮ ಫ್ರೆಂಡ್ ಒಬ್ಬ "ಮೊದಲು ಡಿಕಾಕ್ಷನ್ ಹಾಕಿದ್ದಾ, ಹಾಲು ಹಾಕಿದ್ದಾ ಅಂತ ಕುಡಿದೇ ಹೇಳ್ತೀನಿ ಮಗಾ" ಅಂತಾನೆ. ಸರಿ, ನಾಲ್ಕು ಲೋಟ ಹೀಗೆ, ನಾಲ್ಕು ಲೋಟ ಹಾಗೆ ಮಾಡಿ. ಯಾವುದರ ನಂತರ ಯಾವುದು ಅಂತ ಚೀಟಿ ಎತ್ತಿ ಜೋಡಿಸಿ. ಹಾಲು ಮೊದಲು ಹಾಕಿದ ನಾಲ್ಕನ್ನು ಆರಿಸು ಅನ್ನಿ. ಎಂಟರಲ್ಲಿ ನಾಲ್ಕು ಆರಿಸೋಕೆ 70 ದಾರಿಗಳಿವೆ, ಪೂರ್ತಿ ಸರಿ ಇರೋದು ಒಂದೇ. ಅಂದ್ರೆ ಅವನಿಗೆ ಏನೂ ಗೊತ್ತಾಗದಿದ್ರೂ, ಬರೀ ಅಂದಾಜಿನ ಮೇಲೆ ಎಲ್ಲಾ ಸರಿ ಹೇಳೋ ಸಾಧ್ಯತೆ ಸುಮಾರು 1.4%. ಇದೇ ಪಿ-ವ್ಯಾಲ್ಯೂ.

ಈಗ ನಾಲ್ಕರಲ್ಲಿ ಮೂರು ಮಾತ್ರ ಸರಿ ಹೇಳಿದ ಅಂತಿಟ್ಕೊಳ್ಳಿ. ಪರವಾಗಿಲ್ವೇ ಅನ್ಸುತ್ತೆ ಅಲ್ವಾ? ಆದರೆ ಮೂರು ಅಥವಾ ನಾಲ್ಕೂ ಸರಿಯಾಗೋಕೆ 70ರಲ್ಲಿ 17 ದಾರಿಗಳಿವೆ, ಅಂದ್ರೆ 24%. ಕಾಫಿಯ ಗಂಧವೇ ಗೊತ್ತಿಲ್ಲದ ನಾಲ್ಕು ಜನರನ್ನು ಕೂರಿಸಿದ್ರೂ ಅವರಲ್ಲಿ ಒಬ್ಬ ಇಷ್ಟು ಮಾಡಿಬಿಡಬಹುದು.

ಇದು ನಾನು ಕಟ್ಟಿದ ಕಥೆಯಲ್ಲ, ಕಾಫಿ ಮಾತ್ರ ನನ್ನದು. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾಚಿ ತಜ್ಞೆ ಮ್ಯೂರಿಯಲ್ ಬ್ರಿಸ್ಟಲ್ ಚಹಾದ ಬಗ್ಗೆ ಇದೇ ಮಾತು ಹೇಳಿದ್ರಂತೆ. ಅದನ್ನೇ ಪ್ರಯೋಗ ಮಾಡಿ ರೊನಾಲ್ಡ್ ಫಿಶರ್ 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅಂದಹಾಗೆ, ಮುಂದೆ ಕೇಂಬ್ರಿಡ್ಜ್‌ನಲ್ಲಿ ಇದೇ ಫಿಶರ್ ಕೈಕೆಳಗೆ ಪಿಎಚ್‌ಡಿ ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಪಿ 0.03 ಬಂದ ಕೂಡಲೇ "ನನ್ನ ಊಹೆ 97% ನಿಜ" ಅಂತ ಬರೆಯೋರಿದ್ದಾರೆ. ಹಾಗಲ್ಲ. ಅದು ಹೇಳೋದು ಇಷ್ಟೇ: ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೆ ಇಂಥ ಫಲಿತಾಂಶ, ಅಥವಾ ಇದಕ್ಕಿಂತ ದೊಡ್ಡದು, ನೂರರಲ್ಲಿ ಮೂರು ಸಲ ಕಾಣಿಸಬಹುದು. ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆ ಕೊಟ್ಟೇ ಇದನ್ನು ಸ್ಪಷ್ಟಪಡಿಸಬೇಕಾಯ್ತು.

ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಬಿಸಿಲಲ್ಲಿ ಊರೂರು ಅಲೆದು 200 ಫಾರ್ಮ್ ತುಂಬಿಸಿದ್ದಾರೆ, ಪಿ 0.07 ಬಂದಿದೆ. "ಸ್ವಲ್ಪ ಫಾರ್ಮ್ ತೆಗೆದು ಮತ್ತೆ ರನ್ ಮಾಡಿ ನೋಡಮ್ಮ" ಅಂದ್ರಂತೆ ಗೈಡ್. ಮಾಡಲಾ, ಬೇಡ್ವಾ ಅನ್ನೋದು ಅವರ ಪ್ರಶ್ನೆ.

ನೋಡಿ, ವಯಸ್ಸು, ಆದಾಯ, ಜಿಲ್ಲೆ ಅಂತ ಬೇರೆ ಬೇರೆ 20 ಟೆಸ್ಟ್ ಮಾಡಿದ್ರೆ, ಎಲ್ಲೂ ನಿಜವಾದ ವ್ಯತ್ಯಾಸ ಇಲ್ಲದಿದ್ರೂ ಕನಿಷ್ಠ ಒಂದರಲ್ಲಿ 0.05ಕ್ಕಿಂತ ಕಡಿಮೆ ಬರೋ ಸಾಧ್ಯತೆ ಸುಮಾರು 64%. ಫಾರ್ಮ್ ತೆಗೆದು ಮತ್ತೆ ಮತ್ತೆ ರನ್ ಮಾಡೋದೂ ಅದೇ ಜಾತಿ. ಫ್ರೆಂಡ್ ಗೆಲ್ಲೋವರೆಗೂ ಕಾಫಿ ಕುಡಿಸ್ತಾ ಹೋದ ಹಾಗೆ. ಎಸ್‌ಪಿಎಸ್‌ಎಸ್‌ಗೆ ಇದೆಲ್ಲ ಗೊತ್ತಾಗಲ್ಲ, ಕ್ಲಿಕ್ ಮಾಡಿದಷ್ಟು ಸಲವೂ ಟೇಬಲ್ ಕೊಡುತ್ತೆ.

ಆದ್ದರಿಂದ ನನ್ನ ಉತ್ತರ: ಮಾಡಬೇಡಿ. 0.07 ಅಂತಲೇ ಬರೆಯಿರಿ. ಜೊತೆಗೆ ವ್ಯತ್ಯಾಸ ಎಷ್ಟು ದೊಡ್ಡದು, ಕಾನ್ಫಿಡೆನ್ಸ್ ಇಂಟರ್ವಲ್ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಕೊಡಿ. 0.05 ಅನ್ನೋದು ಅನುಕೂಲಕ್ಕೆ ಎಳೆದ ಗೆರೆ, ಅದನ್ನು ದಾಟಿದ ಮಾತ್ರಕ್ಕೆ ನಿಮ್ಮ 200 ಜನರ ಉತ್ತರ ಸುಳ್ಳಾಗಲ್ಲ. ಗೈಡ್ ಹತ್ರ ವಾದ ಮಾಡೋದು ಕಷ್ಟ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇರುತ್ತೆ, ಗೊತ್ತು. ಹಾಗಾಗಿ "ಯಾವ ಕಾರಣಕ್ಕೆ ಯಾವ ಫಾರ್ಮ್ ತೆಗೆಯೋದು ಸರ್, ಅದನ್ನೂ ಮೆಥಡಾಲಜಿ ಚಾಪ್ಟರ್‌ನಲ್ಲಿ ಬರೀತೀನಿ" ಅಂತ ಮೆತ್ತಗೆ ಕೇಳಿ. ಅರ್ಧ ಖಾಲಿ ಬಿಟ್ಟ ಫಾರ್ಮ್ ತೆಗೆಯೋದಕ್ಕೆ ಕಾರಣ ಕೊಡಬಹುದು. ಪಿ ಇಳಿಯಲಿ ಅನ್ನೋದನ್ನು ಕಾರಣ ಅಂತ ಬರೆಯೋಕಾಗಲ್ಲ.

1938ರಲ್ಲಿ ಕಲ್ಕತ್ತಾಗೆ ಬಂದಾಗ ಫಿಶರ್ ಹೇಳಿದ್ದೂ ಇಂಥದ್ದೇ: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಹತ್ರ ಹೋದ್ರೆ ಅವರು ಪೋಸ್ಟ್‌ಮಾರ್ಟಮ್ ಮಾಡಬಹುದು, ಅಷ್ಟೇ.

ಇನ್ನೂ ಫಾರ್ಮ್ ಹಂಚದೇ ಇರೋರಿಗೆ ಒಂದು ಕೆಲಸ. ಯಾವ ಪ್ರಶ್ನೆ, ಯಾರನ್ನು ಯಾರ ಜೊತೆ ಹೋಲಿಸ್ತೀರಿ, ಯಾವ ಟೆಸ್ಟ್, ಎಂಥ ಫಾರ್ಮ್ ಬಿಡ್ತೀರಿ ಅಂತ ಒಂದು ಪುಟ ಬರೆದು, ಇವತ್ತಿನ ತಾರೀಖು ಹಾಕಿ, ಗೈಡ್‌ಗೆ ಮೇಲ್ ಮಾಡಿಬಿಡಿ.