ಸೈನೈಡ್ ದಿಬ್ಬದ ಬೂದುಬಣ್ಣ: ಕಲಾಚಿಕಿತ್ಸೆಯ ತರಬೇತಿಯಲ್ಲಿ ಆತ್ಮಶೋಧ

ಕಲೆಯು ಆತ್ಮಶೋಧದ ಮಾರ್ಗವೆಂಬ ಮಾತು ಕನ್ನಡ ವಿಮರ್ಶೆಗೆ ಹೊಸತಲ್ಲ. ಕಲಾಚಿಕಿತ್ಸೆಯ ತರಬೇತಿಯಲ್ಲಿ ಮಾತ್ರ ಇದು ಅಭಿಪ್ರಾಯವಾಗಿ ಉಳಿಯದೆ ಅಭ್ಯಾಸಕ್ರಮವೇ ಆಗುತ್ತದೆ. ಅನ್ಯರ ಚಿತ್ರವನ್ನು ಎದುರುಗೊಳ್ಳುವ ಮೊದಲು ಕಲಿಯುವವರು ತಾವೇ ಬಣ್ಣ, ಜೇಡಿಮಣ್ಣುಗಳನ್ನು ಹಿಡಿದು ಕೂರಬೇಕು. ಈ ಶಿಸ್ತಿನ ಹುಟ್ಟಿನಲ್ಲಿಯೇ ಇಂತಹ ಅನುಭವವಿದೆ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗಿಯಾಗಿ ಆರೋಗ್ಯಧಾಮದಲ್ಲಿದ್ದಾಗ ಚಿತ್ರ ಬರೆಯುತ್ತ ಚೇತರಿಸಿಕೊಂಡವನು. 1942ರಲ್ಲಿ 'ಆರ್ಟ್ ಥೆರಪಿ' ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. ಮನೋವಿಶ್ಲೇಷಕಿ ಮರಿಯನ್ ಮಿಲ್ನರ್ ತನ್ನ 'ಆನ್ ನಾಟ್ ಬೀಯಿಂಗ್ ಏಬಲ್ ಟು ಪೇಂಟ್' (1950) ಕೃತಿಯಲ್ಲಿ ಇನ್ನೂ ಮುಂದೆ ಹೋಗುತ್ತಾಳೆ: ಉದ್ದೇಶಿಸಿದ ಭಾವ ಒಂದು, ಕೈ ಬರೆದದ್ದು ಮತ್ತೊಂದು. ಈ ಅಂತರವೇ ಅವಳ ಶೋಧದ ವಸ್ತು.

ಚಿಕಿತ್ಸಕನಿಗೆ ಇದು ಏಕೆ ಅಗತ್ಯವೆಂಬುದನ್ನು ಕೋಲಾರ ಚಿನ್ನದ ಗಣಿ ಪ್ರದೇಶದ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಸೇರಿದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಉಳಿದವು. ಗಾಳಿಯ ಕಾಲದಲ್ಲಿ ಅವುಗಳ ನುಣುಪಾದ ಧೂಳು ಮನೆಗಳೊಳಗೆ ಇಳಿಯುತ್ತದೆ. ಕೆಲಸವಿಲ್ಲದ ಊರಿನ ಜನ ಬಂಗಾರಪೇಟೆಯ ಮೂಲಕ ದಿನವೂ ಬೆಂಗಳೂರಿಗೆ ರೈಲು ಹಿಡಿಯುವುದು ರೂಢಿಯಾಯಿತು.

ಈ ಪ್ರದೇಶದ ಮಗುವೊಂದು ಹಾಳೆಯ ತುಂಬ ಬೂದುಬಣ್ಣ ಬಳಿಯಿತೆಂದು ಭಾವಿಸೋಣ. ಹೊರಗಿನ ಚಿಕಿತ್ಸಕನು ಅದನ್ನು ಖಿನ್ನತೆಯೆಂದು ಓದಿಬಿಡಬಹುದು. ಮಗುವಿಗೆ ಅದು ಜಾರಿ ಆಡಿದ ದಿಬ್ಬವಾಗಿರಬಹುದು. ಅದೇ ಊರಿನಲ್ಲಿ ಬೆಳೆದ ಚಿಕಿತ್ಸಕಿಯಾದರೆ? ಅವಳ ಅಪಾಯ ಇನ್ನೂ ಸೂಕ್ಷ್ಮವಾದುದು. ಸಿಲಿಕೋಸಿಸ್‌ನಿಂದ ಕೆಮ್ಮುತ್ತಿದ್ದ ಅಜ್ಜನ ನೆನಪು ಅವಳ ಬೂದುಬಣ್ಣದಲ್ಲಿ ಸೇರಿದ್ದರೆ, ಮಗುವಿನ ಆಟವನ್ನು ಅವಳು ತನ್ನ ಮನೆಯ ದುಃಖವನ್ನಾಗಿ ಕೇಳಿಸಿಕೊಂಡಾಳು. ಆ ಬಣ್ಣವನ್ನು ಮೊದಲು ತಾನೇ ಬಳಿದು, ಅದರಲ್ಲಿ ತನ್ನ ಪಾಲೆಷ್ಟೆಂದು ಕಂಡುಕೊಂಡವಳಿಗೆ ಮಾತ್ರ ಮಗುವಿನ ಪಾಲು ಬೇರೆಯಾಗಿ ಕಾಣುತ್ತದೆ. ಊರನ್ನು ಬಲ್ಲೆನೆಂಬ ವಿಶ್ವಾಸ ಇಲ್ಲಿ ನೆರವಾಗುವಷ್ಟೇ ತೊಡಕೂ ಹೌದು.

ಅಭಿನವಗುಪ್ತನ ಸಹೃದಯ ಪರಿಕಲ್ಪನೆಯನ್ನು ಇಲ್ಲಿ ನೆನೆಯುವುದು ಸಹಜ. ಕಾವ್ಯದ ನಿರಂತರ ಅಭ್ಯಾಸದಿಂದ ಅವನ ಮನಸ್ಸು ಕನ್ನಡಿಯಂತೆ ತಿಳಿಯಾಗಿ, ವರ್ಣಿತ ವಸ್ತುವಿನಲ್ಲಿ ತನ್ಮಯವಾಗುವ ಅರ್ಹತೆ ಪಡೆಯುತ್ತದೆ. ಚಿಕಿತ್ಸಕಿಯಾಗುವವಳ ಅಭ್ಯಾಸ ಓದಿನಿಂದಲ್ಲ, ರಚನೆಯಿಂದ ಆಗುತ್ತದೆ. ತನ್ಮಯತೆಯೂ ಅವಳಿಗೆ ಪೂರ್ತಿ ಸಲ್ಲದು. ಕನ್ನಡಿಯ ಮೇಲೆ ಕೂತಿರುವ ಧೂಳು ಯಾರ ಮನೆಯದೆಂದು ಅವಳು ಪ್ರತಿ ಬಾರಿಯೂ ವಿಚಾರಿಸಬೇಕಾಗುತ್ತದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ತರಬೇತಿಯಲ್ಲಿ ಇಂಗ್ಲಿಷ್ ಎಂಬಂತೆ ಬದುಕುವ ಗಣಿಯೂರಿನ ವಿದ್ಯಾರ್ಥಿನಿಗೆ ಈ ವಿಚಾರಣೆ ಯಾವ ಭಾಷೆಯಲ್ಲಿ ನಡೆಯುತ್ತದೆಂಬುದು ಭಾಷಾಧ್ಯಯನದವರೂ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ.