ಗೆಲ್ಲೋ ಗಿಲ್ಡ್ ಬೇಕಾ, ಗೆಳೆಯರ ಗಿಲ್ಡ್ ಬೇಕಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ನಮ್ಮ ಗಿಲ್ಡ್ ಒಡೆದಿದ್ದು ಜಗಳದಿಂದಲ್ಲ, ಲೆಕ್ಕದಿಂದ.

ಅಲ್ಲಿ ಹೀರೋಯಿಕ್ ರೇಡ್‌ಗೆ, ಅಂದ್ರೆ ಗುಂಪು ದಾಳಿಗೆ, 10ರಿಂದ 30 ಜನ ಹೋಗಬಹುದು. ಜನ ಹೆಚ್ಚಾದಂತೆ ಬಾಸ್‌ನ ಬಲವೂ ಹೆಚ್ಚುತ್ತೆ. ಹಾಗಾಗಿ ನಿಧಾನಕ್ಕೆ ಆಡೋರಿಗೂ ಜಾಗ ಇರುತ್ತೆ. 2014ರಲ್ಲಿ ಬಂದ ಮಿಥಿಕ್ ಹಂತದ್ದು ಬೇರೆ ಲೆಕ್ಕ: ಸೀಟು 20 ಮಾತ್ರ. ನಾವಿದ್ದದ್ದು 22.

ಆಫೀಸರ್‌ಗಳು ಇಬ್ಬರನ್ನು ಹೊರಗೆ ಕೂರಿಸಿದರು. ಅದರಲ್ಲೊಬ್ಬಳು ಗಿಲ್ಡ್ ಕಟ್ಟಿದವಳೇ. ನಾನೂ ಸುಮ್ಮನಿದ್ದೆ. ಬಾಸ್ ಸತ್ತ. ಮುಂದಿನ ವಾರ ಆರು ಜನ ಬರಲಿಲ್ಲ.

ಕೌಶಲನಾ, ಸ್ನೇಹನಾ ಅನ್ನೋದು ಅರ್ಧ ಪ್ರಶ್ನೆ. ಸೀಟು ಕಡಿಮೆಯಿದ್ದಾಗ ಹೊರಗೆ ಕೂರೋರು ಯಾರು, ಅದನ್ನು ತೀರ್ಮಾನಿಸೋರು ಯಾರು ಅನ್ನೋದು ಉಳಿದರ್ಧ. ಸರದಿ ಪ್ರಕಾರ ಕೂರೋಣ ಅಂತ ಎಲ್ಲರೂ ಸೇರಿ ಮೊದಲೇ ಒಪ್ಪಿಕೊಂಡಿದ್ದರೆ, ಆ ಬಾಸ್ ಇನ್ನೆರಡು ವಾರ ಬದುಕಿರುತ್ತಿದ್ದನೇನೋ. ಗಿಲ್ಡೂ ಉಳಿದಿರುತ್ತಿತ್ತು.