ಹಬ್ಬ ಕಳೆದ ಮೇಲೆ ಗೊಂಬೆಗಳ ಗತಿ

ನವರಾತ್ರಿಯ ದಿನಗಳಲ್ಲಿ ಗೊಂಬೆಗಳಿಗೆ ನಡೆಯುವ ಉಪಚಾರಕ್ಕೆ ಮಿತಿಯಿಲ್ಲ. ವರ್ಷದ ಉಳಿದ ಕಾಲವೆಲ್ಲ ಅವು ಎಲ್ಲಿರುವುವು, ಹೇಗಿರುವುವು ಎಂದು ವಿಚಾರಿಸುವವರು ವಿರಳ. ವಿಜಯದಶಮಿಯ ರಾತ್ರಿ ಸಂಪ್ರದಾಯದಂತೆ ಗೊಂಬೆಯನ್ನು ಮಲಗಿಸಿದ ಮರುದಿನವೇ, ನೆಂಟರನ್ನು ಕಳುಹಿಸಿಕೊಡುವ ಗಡಿಬಿಡಿಯ ನಡುವೆ, ಸಿಕ್ಕಿದ ಕಾಗದದಲ್ಲಿ ಸುತ್ತಿ ಸಿಕ್ಕಿದ ಪೆಟ್ಟಿಗೆಗೆ ತುಂಬುವುದೇ ಹೆಚ್ಚು. ಮುಂದಿನ ವರ್ಷ ತೆರೆದು ನೋಡಿದರೆ ಕೃಷ್ಣನ ಕೊಳಲು ಮುರಿದಿರುತ್ತದೆ. ಸೆಟ್ಟಿಯ ಮೂಗು ಹೋಗಿರುತ್ತದೆ. ರಾಣಿಯ ಸೀರೆ ಜರಡಿಯಾಗಿರುತ್ತದೆ. ಇದು ಗೊಂಬೆಗಳ ವಯಸ್ಸಿನ ದೋಷವಲ್ಲ, ಇರಿಸಿದ ರೀತಿಯ ದೋಷ.

ಹೋದರೆ ಹೋಗಲಿ, ಬೇರೆ ಕೊಂಡರಾಯಿತು ಎನ್ನುವಂತೆಯೂ ಇಲ್ಲ. ಮೈಸೂರಿನ ಕಡೆ ಮದುವೆಯಾದ ಮಗಳಿಗೆ ರಾಜ ರಾಣಿಯರ ಪಟ್ಟದ ಜೋಡಿಯನ್ನು ಕೊಟ್ಟು ಕಳುಹಿಸುವ ಪದ್ಧತಿಯುಂಟಷ್ಟೆ. ಅಜ್ಜಿಯ ಕಾಲದ ಆ ಜೋಡಿಗಳು ಬಹುಮಟ್ಟಿಗೆ ರಕ್ತಚಂದನದವು. ಪೂರ್ವಘಟ್ಟದ ದಕ್ಷಿಣಭಾಗದಲ್ಲಿ, ತಿರುಪತಿ ಕಡಪೆಗಳ ಸುತ್ತಿನ ಬೆಟ್ಟಗಳಲ್ಲಿ ಮುಖ್ಯವಾಗಿ ಬೆಳೆಯುವ ಈ ಮರವು ಇಂದು ಅಳಿವಿನ ಅಂಚಿನಲ್ಲಿದೆ. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿರ್ಬಂಧ ಬಂದಿದೆ. ಮನೆಯಲ್ಲಿರುವ ಹಳೆಯ ಜೋಡಿಗೆ ಸಮನಾದುದು ಪೇಟೆಯಲ್ಲಿ ದೊರೆಯುವುದು ದುರ್ಲಭ.

ಎಲ್ಲಕ್ಕೂ ಮೊದಲನೆಯ ಶತ್ರು ತೇವ. ದಸರೆ ಮುಗಿದರೂ ಮೈಸೂರಿನಲ್ಲಿ ಮಳೆ ಮುಗಿದಿರುವುದಿಲ್ಲ. ಅಕ್ಟೋಬರಿನ ಮಳೆ ಸಾಮಾನ್ಯವಾದುದಲ್ಲ. ಆದುದರಿಂದ ಮೋಡ ಮುಸುಕಿದ ದಿನ ಗೊಂಬೆಗಳನ್ನು ಕಟ್ಟಿಡಕೂಡದು. ಎರಡು ಮೂರು ದಿನ ತಡವಾದರೂ ಚಿಂತೆಯಿಲ್ಲ, ಒಣಹವೆಯ ದಿನಕ್ಕಾಗಿ ಕಾಯುವುದು ಲೇಸು. ಬಾಗಿನದ ಅರಿಶಿನ ಕುಂಕುಮ, ಚರಪಿನ ಸಕ್ಕರೆಯ ಪುಡಿ, ಒಣಗಿದ ಹೂವು, ಇವು ಮೆಟ್ಟಿಲುಗಳ ಮೇಲಿನಿಂದ ಗೊಂಬೆಯ ಬುಡಕ್ಕೆ ಅಂಟಿಕೊಂಡು ಪೆಟ್ಟಿಗೆಯೊಳಕ್ಕೆ ಇರುವೆಯನ್ನೂ ಜಿರಲೆಯನ್ನೂ ಕರೆಯುತ್ತವೆ. ಮೆತ್ತನೆಯ ಒಣ ಕುಂಚದಿಂದ ಒಂದೊಂದನ್ನೂ ಝಾಡಿಸಬೇಕು. ಒದ್ದೆಬಟ್ಟೆಯನ್ನು ಮಾತ್ರ ಮುಟ್ಟಿಸಬಾರದು. ಮಣ್ಣಿನ ಗೊಂಬೆಗಳ ಬಣ್ಣ ಅನೇಕವೇಳೆ ನೀರಿಗೆ ಕರಗತಕ್ಕದ್ದು.

ಒಂದೊಂದು ಜಾತಿಯ ಗೊಂಬೆಗೆ ಒಂದೊಂದು ಸ್ವಭಾವ. ಚನ್ನಪಟ್ಟಣದವು ಹಾಲೆಮರದವು. ಅವು ಚರಕಿಯ ಮೇಲೆ ತಿರುಗುವಾಗ ಬಣ್ಣದ ಅರಗನ್ನು ಒತ್ತಿ, ಉಜ್ಜುವ ಬಿಸಿಗೆ ಅದು ಕರಗಿ ಹಿಡಿಯುವಂತೆ ಮಾಡುತ್ತಾರೆ. ಬಿಸಿಗೆ ಕೂತ ಬಣ್ಣ ಬಿಸಿಗೇ ಏಳುವುದು ಸಹಜ. ಇವನ್ನು ಬಿಸಿಲಿನಲ್ಲಿ ಒಣಗಿಸುವುದಾಗಲಿ, ಬೇಸಗೆಯಲ್ಲಿ ಕಾದು ಕೆಂಪಾಗುವ ಹೆಂಚಿನ ಅಡಿಯ ಅಟ್ಟದಲ್ಲಿಡುವುದಾಗಲಿ ತಕ್ಕುದಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳಲ್ಲಿ ಹುಣಿಸೆಬೀಜದ ಅಂಟನ್ನು ಬಳಸುವುದರಿಂದ ಅವುಗಳನ್ನು ತೇವಕ್ಕೂ ಹುಳುವಿಗೂ ಸಿಕ್ಕದಂತೆ ವಿಶೇಷವಾಗಿ ಕಾಯಬೇಕು. ಪಟ್ಟದ ಗೊಂಬೆಗಳ ರೇಷ್ಮೆಯ ಉಡುಪನ್ನು ಬಿಚ್ಚಿ ಬೇರೆಯಾಗಿಡುವುದು ಒಳ್ಳೆಯದು. ಸೆರಗಿಗೆ ಚುಚ್ಚಿದ ಗುಂಡುಸೂಜಿಗಳನ್ನು ಮರೆತರೆ ತುಕ್ಕು ಬಟ್ಟೆಗೂ ಹಿಡಿಯುತ್ತದೆ, ಮರಕ್ಕೂ ಹಿಡಿಯುತ್ತದೆ. ಬಣ್ಣ ಮಾಸಿತೆಂದು ಹಳೆಯ ಜೋಡಿಗೆ ಬಾಗಿಲಿಗೆ ಬಳಿಯುವ ಎಣ್ಣೆಬಣ್ಣ ಹಚ್ಚುವವರೂ ಉಂಟು. ಅದಕ್ಕಿಂತ ಮಾಸಿದ ಮುಖವೇ ನಮಗೆ ಚೆನ್ನಾಗಿ ಕಾಣುತ್ತದೆ.

ಸುತ್ತುವುದಕ್ಕೆ ವೃತ್ತಪತ್ರಿಕೆ ಒಳ್ಳೆಯದಲ್ಲ. ಅದರ ಮಸಿ ಗೊಂಬೆಯ ಕೆನ್ನೆಗೆ ಹತ್ತುವುದು, ಕಾಗದವೂ ಹುಳಿಗುಣದ್ದು. ಒಗೆದು ಒಣಗಿಸಿದ ಹಳೆಯ ಪಂಚೆಯ ತುಂಡುಗಳು ಅತ್ಯುತ್ತಮ. ಆದರೆ ಗಂಜಿ ಹಾಕಿದ ಬಟ್ಟೆ ಕೂಡದು, ಗಂಜಿಯ ರುಚಿ ಬೆಳ್ಳಿಹುಳುವಿಗೆ ಚೆನ್ನಾಗಿ ಗೊತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬೆಳೆಯುತ್ತದೆ. ಬೇವಿನೆಲೆ ಹಾಕುವ ಹಿರಿಯರ ಪದ್ಧತಿ ಸರಿಯೇ, ಎಲೆ ಗರಿಗರಿಯಾಗಿ ಒಣಗಿರಬೇಕು; ಹಸಿಯೆಲೆ ಹಾಕಿದರೆ ನಾವೇ ತೇವವನ್ನು ಇಟ್ಟಂತಾಯಿತು. ನುಸಿಗುಳಿಗೆಯನ್ನು ಬಳಸುವವರು ಬಟ್ಟೆಯಲ್ಲಿ ಕಟ್ಟಿ, ಬಣ್ಣಕ್ಕೆ ತಗಲದಂತಿಡಬೇಕು. ಕೂಸುಗಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಭಾರವಾದುವು ಕೆಳಗೆ, ಹಗುರವಾದುವು ಮೇಲೆ. ಕೊಳಲು, ವೀಣೆ, ಕತ್ತಿಗಳಂತಹ ಬಿಡಿ ಭಾಗಗಳನ್ನು ಒಂದು ಡಬ್ಬಿಯಲ್ಲಿ, ಯಾವುದು ಯಾರದೆಂದು ಬರೆದು ಇರಿಸಬೇಕು. ಪೆಟ್ಟಿಗೆ ತಗಡಿನದಾದರೂ ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟಿಗೆಯ ಮೇಲಿರಲಿ. ಈಗಿನ ಮನೆಗಳಲ್ಲಿ ಬಚ್ಚಲಿನ ಮೇಲೆ ಅಟ್ಟ ಕಟ್ಟುತ್ತಾರೆ. ಗೊಂಬೆಗಳಿಗೆ ಅದಕ್ಕಿಂತ ಕೆಟ್ಟ ಸ್ಥಳವಿಲ್ಲ. 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆಯ ಗೊಂಬೆತೊಟ್ಟಿಯ ಗೊಂಬೆಗಳು ವರ್ಷವಿಡೀ ಪ್ರೇಕ್ಷಕರಿಗೆ ದರ್ಶನ ಕೊಡುತ್ತಿವೆ. ನಮ್ಮವಕ್ಕೆ ಪೆಟ್ಟಿಗೆಯ ಕತ್ತಲೆಯೇ ಗತಿ. ಬೆಳಕಿಗೆ ಬಣ್ಣ ಮಾಸುವುದರಿಂದ ಆ ಕತ್ತಲೆಯೂ ಒಂದು ಉಪಕಾರವೇ.

ಶಿವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ, ಒಂದು ಬೆಳಗ್ಗೆ ಪೆಟ್ಟಿಗೆಯನ್ನು ತೆರೆದು ನೆರಳಿನಲ್ಲಿ ಗಾಳಿಯಾಡಿಸಬೇಕು. ತಳದಲ್ಲಿ ಹಿಟ್ಟಿನಂತಹ ಮರದ ಪುಡಿ ಕಂಡರೆ ಹುಳು ಹಿಡಿದಿದೆಯೆಂದು ತಿಳಿದು, ಆ ಗೊಂಬೆಯನ್ನು ಆಗಲೇ ಬೇರೆಯಿಡಬೇಕು. ನವರಾತ್ರಿಯ ಹಿಂದಿನ ದಿನ ಕಂಡರೆ ಅಕ್ಕಪಕ್ಕದ ಗೊಂಬೆಗಳಿಗೂ ಅದು ಹಬ್ಬಿರುತ್ತದೆ.